ಹೊಂಬಾಳಯ್ಯನ ಕಟ್ಟಿಸಿದ ಹಲ್ಲು

ನಾನು ಒಂದು ಕಟ್ಟಿಸಿದ ಹಲ್ಲು. ಸರಿಯಾಗಿ ಹೇಳಬೇಕೆಂದರೆ ಎರಡು ಹಲ್ಲು, ಮೇಲ್ದವಡೆಯ ಮುಂದಿನವು. ಗುಲಾಬಿ ಬಣ್ಣದ ಪುಡಿಯನ್ನು ಮೂಗಿಗೆ ರಪ್ಪನೆ ಬಡಿಯುವ ದ್ರವದಲ್ಲಿ ಕಲಸಿ, ಅಚ್ಚಿನಲ್ಲಿ ಅದುಮಿ, ಕುದಿಯುವ ನೀರಿನಲ್ಲಿ ಬೇಯಿಸಿ ನನ್ನನ್ನು ಹುಟ್ಟಿಸಿದರು. ಅಂಗುಳಿಗೆ ಅಂಟಿಕೊಳ್ಳಲು ಒಂದು ತೆಳು ತಟ್ಟೆ, ಪಕ್ಕದ ಹಲ್ಲುಗಳನ್ನು ಹಿಡಿದುಕೊಳ್ಳಲು ತಂತಿಯ ಕೊಕ್ಕೆಗಳು. ತುಮಕೂರಿನ ಲ್ಯಾಬಿನವನು ನನ್ನನ್ನು ಉಜ್ಜಿ ಹೊಳಪು ಕೊಟ್ಟು ಬೆಳಕಿಗೆ ಹಿಡಿದು, ಇದು ಜೀವಮಾನಕ್ಕಾಯಿತು ಎಂದ. ಯಾರ ಜೀವಮಾನಕ್ಕೆ ಎಂದು ಹೇಳಲಿಲ್ಲ. ಅವತ್ತಿನಿಂದಲೇ ನನಗೆ ಜನರ ಮಾತಿನ ಮೇಲೆ ಅನುಮಾನ.

ನನ್ನನ್ನು ಹಾಕಿಕೊಂಡವನು ಕುಣಿಗಲ್ ಕಡೆಯ ವಾಲಗದ ಹೊಂಬಾಳಯ್ಯ. ಮದುವೆಗಳಲ್ಲಿ ಕ್ಲಾರಿಯೋನೆಟ್ ಊದುವುದು ಅವನ ಕಸುಬು. ಪಕ್ಕದಲ್ಲಿ ಕೂತು ಡೋಲು ಬಡಿಯುವವನು ಅವನ ಹೆಂಡತಿಯ ತಮ್ಮ ಚಿಕ್ಕರಂಗಯ್ಯ. ದಿಬ್ಬಣದ ಟೆಂಪೋ ಗಕ್ಕನೆ ಬ್ರೇಕ್ ಹಾಕಿದಾಗ ಬಾಯಿ ಕಂಬಿಗೆ ಬಡಿದು ಹೊಂಬಾಳಯ್ಯನ ಎರಡು ಹಲ್ಲು ಹೋಗಿದ್ದವು. ಸತ್ತವರ ಜಾಗಕ್ಕೆ ಬಂದವನನ್ನು ಯಾರು ನಂಬುತ್ತಾರೆ? ಅಂಗುಳೆಲ್ಲ ನಾನೇ ಮುಚ್ಚಿದ್ದರಿಂದ ಅವನಿಗೆ ಸಾರಿನ ರುಚಿ ಸರಿಯಾಗಿ ಹತ್ತುತ್ತಿರಲಿಲ್ಲ. ಅದಕ್ಕೆ ಹೆಂಡತಿ ಜವರಮ್ಮನ ಮೇಲೆ ರೇಗುತ್ತಿದ್ದ. ಅವಳು ಉಪ್ಪಿನ ಮೇಲೆ ಅನುಮಾನಪಟ್ಟು ಇನ್ನಷ್ಟು ಹಾಕುತ್ತಿದ್ದಳು. ನಾನು ತೆಪ್ಪಗಿದ್ದೆ.

ನನ್ನ ನಿಜವಾದ ಶತ್ರು ಕ್ಲಾರಿಯೋನೆಟ್. ಅದರ ಮೂತಿಯ ಮೇಲೆ ಮುಂದಿನ ಹಲ್ಲು ಊರಿ, ಕೆಳತುಟಿಯಿಂದ ಅದರಡಿಯ ತೆಳು ಪಟ್ಟಿ ರೀಡನ್ನು ಅದುಮಿ ಊದಬೇಕು. ಊದಿದಷ್ಟೂ ಅದು ನನ್ನನ್ನು ಎತ್ತಿ ತಳ್ಳುತ್ತಿತ್ತು. ಮೊದಮೊದಲು ತಡೆದುಕೊಂಡೆ. ವರ್ಷ ಕಳೆದಂತೆ ನಾನು ಕೂತಿದ್ದ ವಸಡು ಸವೆಯಿತು, ಕೊಕ್ಕೆಗಳು ಸಡಿಲವಾದವು. ಕೊನೆಗೆ ಯಡಿಯೂರು ರಸ್ತೆಯ ಒಂದು ಛತ್ರದಲ್ಲಿ ಮಾನ ಹೋಯಿತು.

ತಾಳಿ ಕಟ್ಟುವಾಗ ಸೀನು, ಕೆಟ್ಟ ಮಾತು ಯಾವುದೂ ಯಾರ ಕಿವಿಗೂ ಬೀಳಬಾರದೆಂದು ವಾಲಗದವರು ಒಟ್ಟಿಗೆ ಜೋರಾಗಿ ನುಡಿಸುತ್ತಾರೆ. ಅದೇ ಗಟ್ಟಿಮೇಳ. ಅವತ್ತು ಪುರೋಹಿತರು ಕೈ ಎತ್ತಿದರು, ಹೊಂಬಾಳಯ್ಯ ಎದೆ ತುಂಬ ಉಸಿರೆಳೆದು ಊದಿದ, ನಾನು ಜಾರಿ ಅವನ ನಾಲಿಗೆಯ ಮೇಲೆ ಬಿದ್ದೆ. ಕ್ಲಾರಿಯೋನೆಟ್ ನಿಂತುಹೋಯಿತು. ಗಂಡು ತಾಳಿಯ ಗಂಟು ಹಾಕುತ್ತಿದ್ದಾನೆ, ಕೇಳಿಸುತ್ತಿರುವುದು ಡೋಲು ಒಂದೇ.

ಹುಡುಗಿಯ ಅಜ್ಜ ಎದ್ದು ಬಂದು, ಎಲ್ಲರಿಗೂ ಕೇಳುವ ಹಾಗೆ, “ಹೆಣ ಎತ್ತೋವಾಗ ಬಡ್ದಂಗೆ ಬಡುದ್ರಲ್ಲಯ್ಯ, ನನ್ ಮೊಮ್ಮಗಳ ತಾಳಿಗೆ” ಎಂದ.

ಆಮೇಲೆ ಮದುವೆಗೆ ಕರೆಯುವವರು ಕಡಿಮೆಯಾದರು. ಹೊಂಬಾಳಯ್ಯನಿಗೆ ಅದಕ್ಕಿಂತ ದೊಡ್ಡ ದುಃಖ ಬೇರೆ ಇತ್ತು. ಚಿಕ್ಕರಂಗಯ್ಯನ ಮಗಳು ಸುಕನ್ಯಳನ್ನು ಅವನು ತೊಟ್ಟಿಲಲ್ಲಿ ನೋಡಿದ ದಿನವೇ ನಿನ್ನ ಗಟ್ಟಿಮೇಳ ನನ್ನದು ಎಂದಿದ್ದ. ಈಗ ಅವಳ ಮದುವೆ ಮುಂದಿನ ವರ್ಷಕ್ಕೆ ಗೊತ್ತಾಗಿತ್ತು. ಚಿಕ್ಕರಂಗಯ್ಯ ಜಗಲಿಯಲ್ಲಿ ಕೂತು, ನೆಲ ನೋಡುತ್ತ ಹೇಳಿದ: “ಬಾವ, ಬೇಜಾರ್ ಮಾಡ್ಕಬ್ಯಾಡಿ. ಸ್ಯಾಕ್ಸಫೋನ್‌ನೋರ್ಗೆ ಹೇಳ್ಬುಡ್ಲಾ?”

ಹೊಂಬಾಳಯ್ಯ ಎದ್ದು ಕ್ಲಾರಿಯೋನೆಟ್ ಪೆಟ್ಟಿಗೆಯನ್ನು ಒಳಗಿಟ್ಟು ಬಂದ. ಮಾರನೆಯ ವಾರದಿಂದ, ನನ್ನನ್ನು ಮನೆಯಲ್ಲೇ ನೀರಿನ ಲೋಟದಲ್ಲಿ ಬಿಟ್ಟು, ಪೇಟೆಗೆ ಒಬ್ಬನೇ ಹೋಗಿಬರತೊಡಗಿದ. ಬಂದಾಗ ಬಾಯಲ್ಲಿ ಲವಂಗದೆಣ್ಣೆಯ ವಾಸನೆ. ಬೀಡಿಯ ಕಟ್ಟು ಸೂರಿನ ಸಂದಿ ಸೇರಿತು. ಇಷ್ಟು ವರ್ಷ ಬಿಡದ ಬೀಡಿಯನ್ನು ಗಂಡಸು ಸುಮ್ಮನೆ ಬಿಡುತ್ತಾನೆಯೇ? ಬೇರೆ ಯಾರೋ ಬರುವವರಿದ್ದಾರೆ ಎಂದು ನನಗೆ ಆಗಲೇ ಹೊಳೆಯಿತು.

ಒಂದು ದಿನ ಹಲ್ಲಿನ ಡಾಕ್ಟರಮ್ಮ ತೇಜಾವತಿ ನನ್ನನ್ನು ತೆಗೆದು ಸ್ಟೀಲ್ ತಟ್ಟೆಯಲ್ಲಿಟ್ಟು, ನಾನು ಕೇಳುವಂತೆಯೇ ಎಲ್ಲ ವಿವರಿಸಿದಳು. ಅದರ ಹೆಸರು ಇಂಪ್ಲಾಂಟ್ ಅಂತೆ. ಹೋದ ಹಲ್ಲಿನ ಬೇರಿದ್ದ ಕಡೆ ದವಡೆಯ ಮೂಳೆಗೆ ಟೈಟಾನಿಯಂ ಸ್ಕ್ರೂ ಕೂರಿಸುತ್ತಾರೆ. ಮೂಳೆ ಅದನ್ನು ಬಿಗಿಯಾಗಿ ಹಿಡಿದ ಮೇಲೆ ಹಲ್ಲು ಜೋಡಿಸುತ್ತಾರೆ. ಅಂಗುಳು ಖಾಲಿ, ನಾಲಿಗೆಗೆ ರುಚಿ ಬರುತ್ತದೆ. ಪಕ್ಕದ ಹಲ್ಲುಗಳಿಗೆ ಕೊಕ್ಕೆಯ ಕಾಟವಿಲ್ಲ. ಆ ಜಾಗದ ಮೂಳೆ ಕರಗುವುದೂ ತಗ್ಗುತ್ತದೆ. ಸ್ವಂತ ಹಲ್ಲಿನಂತೆ ಉಜ್ಜಿಕೊಂಡು ಚೊಕ್ಕಟವಾಗಿಟ್ಟುಕೊಂಡರೆ ಬಹುಕಾಲ ಬರುತ್ತದೆ. ಮನೆ ಮುರಿಯುವ ಮಾತು ಹೀಗೆ ನಯವಾಗಿಯೇ ಶುರುವಾಗುತ್ತದೆ. ಎಲ್ಲರಿಗೂ ಇದು ಆಗುವುದಿಲ್ಲ, ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ಬೀಡಿ ಸೇದಬಾರದು ಎಂದಾಗ ಮಾತ್ರ ನನಗೆ ಸ್ವಲ್ಪ ಉಸಿರು ಬಂತು. ಆದರೆ ಹೊಂಬಾಳಯ್ಯನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಬೀಡಿಯನ್ನು ಆಗಲೇ ಬಿಟ್ಟಿದ್ದ.

“ಊದ್ಬೋದಾ ತಾಯಿ?” ಎಂದು ಅವನು ಕೇಳಿದ. ಅದೊಂದೇ ಅವನಿಗೆ ಬೇಕಿದ್ದದ್ದು.

“ಈಗ್ಲೇ ಮಾತು ಕೊಡಲ್ಲ. ಮೂಳೆ ಕೂಡೋವರ್ಗೂ ವಾದ್ಯ ಬಾಯಿಗಿಡ್ಬೇಡಿ. ಒತ್ತಡ ಬಿದ್ದು ಸ್ಕ್ರೂ ಅಲ್ಲಾಡಿದ್ರೆ ತೆಗೆದು ಬಿಸಾಕ್ಬೇಕಾಗುತ್ತೆ.”

ಮನೆಯಲ್ಲಿ ಜವರಮ್ಮನಿಗೂ ನನ್ನಷ್ಟೇ ಅನುಮಾನ. ಬಾಗಿಲಿಗೆ ಹೊಡೆಯುವ ಸ್ಕ್ರೂ ಬಾಯಿಗೇಕೆ, ತಲೆಗೇರಿದರೆ ಏನು ಗತಿ ಎಂದು ಹಟ ಹಿಡಿದಳು. ನಾನು ಮನಸ್ಸಿನಲ್ಲೇ ಅವಳ ಪಕ್ಷ. ಆದರೆ ಹೊಂಬಾಳಯ್ಯ ಹೋಗಿ ಮಾಡಿಸಿಕೊಂಡೇ ಬಂದ. ವಸಡಿನ ಗಾಯ ಒಂದಿಷ್ಟು ಮಾಗಿದ ಮೇಲೆ ಡಾಕ್ಟರಮ್ಮ ನನ್ನ ಒಳಮೈಯನ್ನು ಕೆರೆದು ಟೊಳ್ಳು ಮಾಡಿ, ಸ್ಕ್ರೂಗಳಿಗೆ ತಾಕದಂತೆ ಮತ್ತೆ ಅಲ್ಲಿಗೇ ಕೂರಿಸಿದಳು. ಹೊಸ ಹಲ್ಲು ಬರುವವರೆಗೆ ಮುಖಕ್ಕೆ ಇರಲಿ ಎಂದಳು. ನೋಡಿ ನನ್ನ ಹಣೆಬರಹ! ನನ್ನ ಜಾಗ ಕಸಿಯಲು ಬಂದವರು ವಸಡಿನೊಳಗೆ ಮಲಗಿದ್ದಾರೆ, ನಾನು ಹೊರಗೆ ಕಾವಲು.

ತಿಂಗಳುಗಳು ಹೀಗೇ ಕಳೆಯುತ್ತಿದ್ದಾಗ ಚಿಕ್ಕರಂಗಯ್ಯ ಮಗಳ ಜೊತೆ ಲಗ್ನಪತ್ರಿಕೆ ಕೊಡಲು ಬಂದ. ಸುಕನ್ಯ ಪೆಟ್ಟಿಗೆಯಿಂದ ಕ್ಲಾರಿಯೋನೆಟ್ ತೆಗೆದು ತಾನೇ ಜೋಡಿಸಿ, “ಮಾವ, ಒಂಚೂರು ಊದಿ. ಅಪ್ಪಯ್ಯಂಗೆ ನಂಬ್ಕೆ ಬರ್ಲಿ” ಎಂದಳು. ಡಾಕ್ಟರಮ್ಮನ ಮಾತು ಅವನಿಗೆ ಮರೆತಿರಲಿಲ್ಲ. ಆದರೂ ಆ ಹುಡುಗಿಯ ಮುಖ ನೋಡಿ ಕೈ ತಾನಾಗಿ ಮುಂದೆ ಹೋಯಿತು. ಮೂತಿ ನನಗೆ ತಾಗಿತು. ಇನ್ನೊಂದು ಒತ್ತು ಬಿದ್ದಿದ್ದರೆ ನಾನು ಹೋಗಿ ಸ್ಕ್ರೂಗಳನ್ನು ಒತ್ತುತ್ತಿದ್ದೆ. ಅವು ಅಲ್ಲಾಡಿಹೋಗಿದ್ದರೆ ಅವನ ಬಾಯಿ ಮತ್ತೆ ನನ್ನದೇ.

ನಾನು ಜಾರಿ ಅವನ ಮಡಿಲಿಗೆ ಬಿದ್ದೆ.

ಬೇಕೆಂದೇ ಜಾರಿದೆಯಾ ಎಂದು ನನ್ನನ್ನು ಕೇಳಬೇಡಿ. ಜಾರುವುದು ನನಗೆ ಅಭ್ಯಾಸ. ಅವತ್ತು ಕೊಕ್ಕೆ ಬಿಗಿಹಿಡಿಯಲಿಲ್ಲ, ಅಷ್ಟು ನಿಜ. ಹೊಂಬಾಳಯ್ಯ ಕ್ಲಾರಿಯೋನೆಟನ್ನು ಕಳಚಿ ಪೆಟ್ಟಿಗೆಗೆ ಹಾಕಿದ. ಚಿಕ್ಕರಂಗಯ್ಯ ಹೊರಡುವಾಗ, ಮದುವೆಗೆ ಸ್ಯಾಕ್ಸಫೋನ್‌ನವರೂ ಬಂದಿರುತ್ತಾರೆ, ಯಾವುದಕ್ಕೂ ಇರಲಿ ಎಂದ.

ಮೂಳೆ ಕೂಡಿತು. ಡಾಕ್ಟರಮ್ಮ ಎಕ್ಸ್‌ರೇ ತೆಗೆದು ನೋಡಿ, ತಟ್ಟಿ ನೋಡಿ ಹೊಸ ಹಲ್ಲು ಬಿಗಿದಳು. ಇನ್ನೂ ಕೆಲವು ವಾರ ಬಿಟ್ಟು ಊದಲು ಒಪ್ಪಿಗೆ ಕೊಟ್ಟಳು, ಅದೂ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ. ನನ್ನನ್ನು ತಿಪ್ಪೆಗೆ ಎಸೆಯುತ್ತಾನೆ ಎಂದುಕೊಂಡೆ. ಅವನು ತೊಳೆದು, ಬಟ್ಟೆಯಲ್ಲಿ ಸುತ್ತಿ, ಕ್ಲಾರಿಯೋನೆಟ್ ಪೆಟ್ಟಿಗೆಯಲ್ಲಿ ರೀಡುಗಳ ಪಕ್ಕ ಇಟ್ಟುಕೊಂಡ. ಹೊಸಬರ ಮೇಲೆ ಅವನಿಗೂ ನಂಬಿಕೆಯಿರಲಿಲ್ಲ. ನನಗೆ ಆಗ ಆದ ಸಂತೋಷ ಅಷ್ಟಿಷ್ಟಲ್ಲ.

ಸುಕನ್ಯಳ ಮದುವೆಯ ದಿನ ಪೆಟ್ಟಿಗೆ ಅವನ ಮಂಡಿಯ ಪಕ್ಕದಲ್ಲಿ ತೆರೆದೇ ಇತ್ತು. ಹಿಂದೆ ಸ್ಯಾಕ್ಸಫೋನ್‌ನವನು ವಾದ್ಯ ಕೊರಳಿಗೆ ಹಾಕಿಕೊಂಡು ಕಾಯುತ್ತಿದ್ದ. ಚಿಕ್ಕರಂಗಯ್ಯ ಅವತ್ತು ಡೋಲು ಬಿಟ್ಟು ಮಂಟಪದಲ್ಲಿ ಮಗಳ ಪಕ್ಕ ಇದ್ದ, ಕಣ್ಣು ಮಾತ್ರ ಬಾವನ ಬಾಯಿಯ ಮೇಲೆ. ಪುರೋಹಿತರು ಕೈ ಎತ್ತಿದರು. ಜಾರಲಿ ಎಂದು ನಾನು ಹಾರೈಸಿದೆ, ಅದನ್ನು ಮುಚ್ಚಿಡುವುದಿಲ್ಲ.

ಜಾರಲಿಲ್ಲ. ತಾಳಿಯ ಗಂಟುಗಳೆಲ್ಲ ಬಿದ್ದು, ಅಕ್ಷತೆ ನೆಲ ಮುಟ್ಟುವವರೆಗೂ ಸ್ವರ ಒಡೆಯಲಿಲ್ಲ. ಇಷ್ಟು ವರ್ಷ ಅವನ ಬಾಯೊಳಗೇ ಇದ್ದರೂ ಅವನು ಹೀಗೆ ಊದಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ನಾನಿದ್ದುದರಿಂದಲೇ ಗೊತ್ತಾಗಿರಲಿಲ್ಲ ಎಂದು ಹೊಳೆದಾಗ ಹೊಟ್ಟೆಕಿಚ್ಚಿಗಿಂತ ದುಃಖವೇ ಹೆಚ್ಚಾಯಿತು. ಊಟದ ಪಂಕ್ತಿಯಲ್ಲಿ ಹೊಂಬಾಳಯ್ಯ ಸಾರು ಸುರ್ರನೆ ಹೀರಿ, ಉಪ್ಪು ಸರಿಯಾಗಿದೆ ಎಂದ. ಇಷ್ಟು ವರ್ಷ ಉಪ್ಪಿಗಾಗಿ ಬೈಸಿಕೊಂಡಿದ್ದ ಜವರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಗ ನಾನು ಮುದಿಯಾಗಿದ್ದೇನೆ. ಒಣಗಿ ಬಿರುಕು ಬಿಟ್ಟಿದ್ದೇನೆ, ಒಂದು ಕೊಕ್ಕೆ ಮುರಿದಿದೆ. ಮೊದಲು ಪ್ರತಿ ಮದುವೆಗೂ ಹೊರಡುವ ಮುನ್ನ ಅವನು ಬಟ್ಟೆ ಬಿಚ್ಚಿ ನಾನಿದ್ದೇನೆಯೇ ಎಂದು ನೋಡುತ್ತಿದ್ದ. ಕಳೆದ ಮದುವೆಗೆ ನೋಡಲಿಲ್ಲ. ಪೆಟ್ಟಿಗೆ ಮುಚ್ಚಿಕೊಂಡು ಹಾಗೇ ನಡೆದ. ಅವನಿಗೆ ಕೊನೆಗೂ ನಂಬಿಕೆ ಬಂದಿದೆ. ನನಗೆ ಬಂದಿಲ್ಲ. ಗಟ್ಟಿಮೇಳ ಶುರುವಾದ ಕೂಡಲೇ ಬಟ್ಟೆಯೊಳಗೇ ಕಿವಿ ನಿಮಿರಿಸಿ, ಆ ಹೊಸ ಹಲ್ಲು ಎಲ್ಲಿ ಜಾರಿಬಿಡುವುದೋ ಎಂದು ಈಗಲೂ ಹೆದರುತ್ತೇನೆ.