ದೊರೆಸ್ವಾಮಿಯವರ ಕ್ಯಾಸೆಟ್ಟಿಗೊಂದು ಎದುರುಪಕ್ಷ

ಊಟ ಬಲ್ಲವನಿಗೆ ಜಗಳವಿಲ್ಲ, ಮಾತು ಬಲ್ಲವನಿಗೆ ರೋಗ ತಪ್ಪಿದ್ದಲ್ಲ. ಗಾದೆ ನುಲಿದುಕೊಂಡಿದ್ದರೆ ಕ್ಷಮಿಸಿ. ಕಥೆ ಮಾತ್ರ ನಡೆದದ್ದು ನಡೆದ ಹಾಗೆ.

ಎಂಬತ್ತೇಳರ ಮಸ್ಕತ್. ಸಡಿಲಾದ ಕ್ಯಾಸೆಟ್ಟನ್ನು ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದ ಕಾಲ; ಕನ್ನಡ ಕೇಳಬೇಕೆಂದರೆ ಊರಿನಿಂದ ಯಾರಾದರೂ ಬರಬೇಕು. ಮೈಸೂರಿನ ದೊರೆಸ್ವಾಮಿ ಅಲ್ ಹೈಲಿನ ಮನೆಯಲ್ಲಿ ಟೂ-ಇನ್-ಒನ್ ಎದುರು ಕೂತು ವಾರಕ್ಕೊಂದು ಕ್ಯಾಸೆಟ್ ತುಂಬುತ್ತಿದ್ದರು: ಊರ ಸುದ್ದಿ, ಒಂದು ದೇವರನಾಮ, ಕೊನೆಗೆ ‘ನನ್ನ ಅಭಿಪ್ರಾಯ’. ಶುಕ್ರವಾರ ಗೆಳೆಯರೆಲ್ಲ ಅವರಲ್ಲೇ ಉಂಡು, ಚಾಪೆಯ ಮೇಲೆ ಕಾಲು ಚಾಚಿ ಕೇಳಿದ ಮೇಲೆ ಅದು ಕಾರಿನಿಂದ ಕಾರಿಗೆ ದಾಟಿ ದೂರದ ಸೂರ್ ಪಟ್ಟಣದವರೆಗೂ ಹೋಗುತ್ತಿತ್ತು. ವಾರವಿಡೀ ಆಫೀಸಿನಲ್ಲಿ ‘ಯೆಸ್ ಸರ್’ ಎನ್ನುವ ಮನುಷ್ಯನಿಗೆ ತನ್ನ ಮಾತನ್ನು ನಾಲ್ಕು ಜನ ಕೇಳುವ ಸುಖ ಅದೊಂದೇ.

ಆ ಗೆಳೆಯರಲ್ಲೊಬ್ಬ, ಖುರುಮ್ ಬಡಾವಣೆಯಲ್ಲಿ ಕೆಲಸಕ್ಕಿದ್ದ ಉಡುಪಿಯ ಪ್ರೇಮನಾಥನಿಗೆ ಯಾರ ದನಿಯಾದರೂ ಗಂಟಲಲ್ಲಿ ಸಿದ್ಧ. ರೇಡಿಯೊದವರು ಎರಡೂ ಕಡೆಯ ವಾದ ಕೇಳಿಸಲೇಬೇಕೆಂಬ ಸರ್ಕಾರಿ ನಿಯಮವನ್ನು ಅಮೆರಿಕದವರು ಕೈಬಿಟ್ಟರೆಂದು ಪೇಪರಿನಲ್ಲಿ ಓದಿದವನೇ, ಅವರು ಬಿಸಾಡಿದ್ದನ್ನು ತಾನು ಎತ್ತಿಕೊಂಡು, ಗೆಳೆಯನಿಗೆ ‘ಸದೀಕ್’ ಎನ್ನುವ ದೊಡ್ಡ ಒಮಾನಿ ಅಧಿಕಾರಿಯ ದನಿಯಲ್ಲಿ, ಹರಕು ಹಿಂದಿಯಲ್ಲಿ ದೊರೆಸ್ವಾಮಿಗೆ ಫೋನ್ ಹಚ್ಚಿದ.

“ಸದೀಕ್, ತುಮ್ ಕ್ಯಾಸೆಟ್ ರೇಡಿಯೊ ಚಲಾತಾ? ಏಕ್ ಆದ್ಮಿ ಕಾ ಬಾತ್ ನಹಿ ಚಲೇಗಾ. ದೂಸ್ರಾ ಬಾತ್ ಭಿ ಬೋಲ್ನಾ, ಬರಾಬರ್ ಟೈಮ್. ನಹಿ ತೋ ಖಲಾಸ್!”

ದೊರೆಸ್ವಾಮಿ ಬೆವತುಹೋದರು. ಮುಂದುವರಿಸಿದರೆ ವೀಸಾ ಕೊಟ್ಟ ಧಣಿ ಕಫೀಲ್‌ವರೆಗೆ ದೂರು ಹೋದೀತು. ನಿಲ್ಲಿಸಿದರೆ ತಮ್ಮ ಬಾಯಿಗೇ ಬೀಗ. ಎದುರು ವಾದಿಸಿ ಎಂದು ಗೆಳೆಯರನ್ನು ಬೇಡಿದರು. “ನಿಮ್ಮ ಮನೆಯ ಬಿಸಿಬೇಳೆ ಬಾತ್ ತಿಂದು ನಿಮಗೇ ಎದುರು ಮಾತಾಡುದಾ ಮಾರಾಯ್ರೆ?” ಎಂದು ಎಲ್ಲರೂ ಜಾರಿಕೊಂಡರು. ಕಡೆಗೆ ಅಡುಗೆಮನೆಯತ್ತ ತಿರುಗಿ, “ಅಂಬುಜಾ, ಸರ್ಕಾರದ ಆರ್ಡರ್ ಕಣೇ. ಯಾರಾದ್ರೂ ನನಗೆ ಎದುರು ಮಾತಾಡ್ಬೇಕಂತೆ” ಎಂದರು.

“ಸರ್ಕಾರಾನೇ ಹೇಳಿದ್ಮೇಲೆ ಇನ್ನೇನು,” ಎಂದು ಹೆಂಡತಿ ಕೈ ಒರೆಸಿಕೊಂಡು ಬಂದು ಕೂತರು.

ಶುಕ್ರವಾರ ಕ್ಯಾಸೆಟ್ ತಿರುಗಿತು. “ರಜೆಗೆ ಊರಿಗೆ ಹೋಗುವಾಗ ಕಾರ್ಟನ್‌ಗಟ್ಟಲೆ ಸಾಮಾನು ಹೊರುವುದು ಬರೀ ಆಡಂಬರ” ಎಂದಿತು ದೊರೆಸ್ವಾಮಿಯವರ ಗಂಭೀರ ಕಂಠ. ಕಟಕ್. ಆಮೇಲೆ ಅಂಬುಜಮ್ಮ: “ಹೋದ ಸಲ ಇವರ ಕಾರ್ಟನ್‌ಗೆ ಹಗ್ಗ ಬಿಗಿಯೋಕೆ ಮೇಲೆ ಕೂತಿದ್ದು ನಾನು. ಒಳಗೆ ಇವರಕ್ಕಂಗೆ ಸೀರೆ, ಭಾವಂಗೆ ಟಾರ್ಚು, ಭಾವನ ತಮ್ಮಂಗೆ ಇನ್ನೊಂದು ಟಾರ್ಚು. ನಮ್ಮಮ್ಮಂಗೆ? ತಲೆನೋವಿನ ಮುಲಾಮು. ಅದೂ ಇವರು ಅರ್ಧ ಹಚ್ಕೊಂಡಿದ್ದು!”

ಮನೆಯಿಡೀ ಬಿದ್ದುಬಿದ್ದು ನಕ್ಕಿತು. ದೊರೆಸ್ವಾಮಿ ಮಾತ್ರ ಚಾಪೆಯನ್ನೇ ನೋಡುತ್ತಿದ್ದರು. ಪ್ರೇಮನಾಥನಿಗೆ ತಡೆಯಲಾಗಲಿಲ್ಲ; ಹಿಂದಿನಿಂದ ಅದೇ ದನಿ ತೆಗೆದ: “ಶಾಬಾಶ್ ಸದೀಕ್!”

ದೊರೆಸ್ವಾಮಿ ಸಲಾಮು ಹೊಡೆಯಲು ಎದ್ದೇಬಿಟ್ಟರು. ತಿರುಗಿದರೆ, ಪ್ರೇಮನಾಥ. ನಗು ತಟಕ್ಕನೆ ನಿಂತಿತು.

“ನೀನೇನೋ ಅದು?”

“ನಾನೇ ಮಾರಾಯ್ರೆ. ರೂಲ್ಸೂ ಇಲ್ಲ, ಆಫೀಸರೂ ಇಲ್ಲ. ಇನ್ನು ನೀವೊಬ್ರೇ ಮಾತಾಡ್ಬಹುದು.”

ಸೂರ್‌ನಿಂದ ಬಂದಿದ್ದ ಕೊಗ್ಗ ಗಾಬರಿಬಿದ್ದ. “ಅದೆಲ್ಲ ಆಗ್ಲಿಕ್ಕಿಲ್ಲ! ಅಂಬುಜಮ್ಮ ಇಲ್ಲದ ಕ್ಯಾಸೆಟ್ ನಮ್ಗೆ ಬೇಡ.”

“ಸರ್ಕಾರ ಬಿಟ್ರೂ ನಾನು ಬಿಡ್ತೀನಾ?” ಎಂದರು ಅಂಬುಜಮ್ಮ. “ಹೇಳೋದು ಇನ್ನೂ ಬೇಕಾದಷ್ಟಿದೆ.”

ದೊರೆಸ್ವಾಮಿಯವರ ತುಟಿ ಅದುರಿತು. ಮೊದಲೊಂದು ಕೆಮ್ಮು, ಹಿಂದೆಯೇ ಹೊಟ್ಟೆಯಾಳದಿಂದ ನಗು ಕಿತ್ತುಕೊಂಡು ಬಂತು. ಉಳಿದವರೆಲ್ಲ ನಕ್ಕು ಸುಸ್ತಾದರೂ ಅವರದು ನಿಲ್ಲಲಿಲ್ಲ. ಯಾರಿಗೇನಾಯಿತೋ ಎಂದು ಪಕ್ಕದ ಮನೆಯ ಇವ್ಲಿನ್ ಓಡಿಬಂದು ಬಾಗಿಲು ಬಡಿದದ್ದೂ ಆ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ.