ಒಂದು ಉಸಿರು ತಡ

ಸೆಲಿನಾ ರಿಮೋಟನ್ನು ಪರದೆಯತ್ತ ಚಾಚಿ ನಾಲ್ಕನೆಯ ಬಾರಿ ಗುಂಡಿ ಒತ್ತಿದಳು. ಪರದೆ ಬೆಳಗಲಿಲ್ಲ.

"ಅಕ್ಕಾರ, ಸ್ಕ್ರೀನಿಗೆ ಹಿಡಿದ್ರ ಅದಕ್ಕೇನ ತಿಳೀತೈತಿ?" ಜಾನ್ಸನ್ ಕೀಬೋರ್ಡಿನ ಹಿಂದಿನಿಂದ ಎದ್ದು ಬಂದ. "ಮ್ಯಾಲ ಮಷೀನಿಗೆ ಹಿಡೀರಿ. ಅದರ ಮುಂದಿನ ಬದಿ ಒಂದ ಸಣ್ಣ ಕರೀ ಕಣ್ಣೈತಿ ನೋಡ್ರಿ, ಅದಕ್ಕ ಹಿಡೀಬೇಕು."

ಅವಳು ಚರ್ಚಿನ ಚಾವಣಿಯಿಂದ ತೂಗುಬಿದ್ದಿದ್ದ ಪ್ರೊಜೆಕ್ಟರಿನತ್ತ ಕೈ ಎತ್ತಿ ಒತ್ತಿದಳು. ಕೀಚ್ ಎಂಬ ಸದ್ದಾಯಿತು. ಒಳಗಿನ ಫ್ಯಾನು ತಿರುಗಿತು. ಅರ್ಧ ನಿಮಿಷದ ನಂತರ ಪರದೆಯ ಮೇಲೆ ನೀಲಿ ಬೆಳಕು ನಿಧಾನವಾಗಿ ಹರಡಿತು. ಗೋಡೆಯ ಗಡಿಯಾರದಲ್ಲಿ ಎರಡೂ ಕಾಲು. ನಾಲ್ಕಕ್ಕೆ ಅವಳ ಅಪ್ಪ ಐಸಾಕನ ಶವಪೆಟ್ಟಿಗೆ ಇದೇ ಪರದೆಯ ಕೆಳಗೆ ಬಂದು ನಿಲ್ಲಬೇಕಿತ್ತು.

"ಬಂತಲ್ಲ. ಇವತ್ತಿನ ಹಾಡಿಗೆ ರಿಮೋಟ್ ನಾನ ಹಿಡೀತೇನಿ," ಎಂದಳು ಸೆಲಿನಾ.

ಜಾನ್ಸನ್ ಕುತ್ತಿಗೆ ಕೆರೆದುಕೊಂಡ. ಎಂಟು ವರ್ಷಗಳಿಂದ ಅವನು ಕೀಬೋರ್ಡ್ ನುಡಿಸುತ್ತಿದ್ದ, ಐಸಾಕ ಬಲಗಡೆಯ ಕಂಬದ ಪಕ್ಕದ ಮೇಜಿನ ಬಳಿ ಸಭೆಯತ್ತ ಮುಖಮಾಡಿ ಕುಳಿತು ಹಾಡಿನ ಸಾಲುಗಳನ್ನು ಪರದೆಯ ಮೇಲೆ ಸರಿಸುತ್ತಿದ್ದ. ಎಂಟು ವರ್ಷವೂ ಇಬ್ಬರ ನಡುವೆ ಒಂದೇ ಜಗಳ. ಐಸಾಕ ಯಾವಾಗಲೂ ಒಂದು ಉಸಿರು ತಡ. ಚರಣ ಮುಗಿದರೂ ಮುಂದಿನದು ಕಾಣಿಸದೆ ಜನರು ಕೊನೆಯ ಅಕ್ಷರವನ್ನೇ ಎಳೆಯುತ್ತ ನಿಲ್ಲಬೇಕಿತ್ತು. ಪಾಸ್ಟರ್ ಎರಡು ಬಾರಿ, ರಿಮೋಟನ್ನು ಹುಡುಗರಿಗೆ ಬಿಟ್ಟುಕೊಡಿ ಎಂದು ನಯವಾಗಿ ಸೂಚಿಸಿದ್ದರು. ಐಸಾಕ ಎರಡು ಬಾರಿಯೂ ನಕ್ಕು, ಪೇಟೆಯ ಮೆಣಸಿನಕಾಯಿ ಧಾರಣೆಯ ಬಗ್ಗೆ ಮಾತು ತೆಗೆದಿದ್ದ.

"ಸಿಟ್ಟ ಮಾಡ್ಕೋಬ್ಯಾಡ್ರಿ, ಅಕ್ಕಾರ," ಎಂದ ಜಾನ್ಸನ್. "ನಾ ಆಗಲೇ ಲ್ಯಾಪ್‌ಟಾಪಿನ್ಯಾಗ ಟೈಮ್ ಹಾಕೇನಿ. ಒಂದೊಂದ ಚರಣಕ್ಕ ನಲವತ್ತ ಸೆಕೆಂಡ್. ತಾನ ಸರೀತೈತಿ. ಯಾರೂ ಏನೂ ಒತ್ತೂದ ಬೇಕಾಗಿಲ್ಲ."

"ಅಪ್ಪನ ಹಾಡಿಗೆ ಟೈಮ್ ಹಾಕಂತ ನಿನಗ ಯಾರ ಹೇಳಿದ್ರು? ಪಾಸ್ಟರ್ ಅಯ್ಯನವರೇನು?"

"ಅಲ್ರಿ."

"ಮತ್ತ?"

ಜಾನ್ಸನ್ ಲ್ಯಾಪ್‌ಟಾಪಿನತ್ತ ನೋಡಿದ. ಅದರಲ್ಲಿ ಐಸಾಕ ಒಂದೇ ಬೆರಳಿನಿಂದ ಟೈಪು ಮಾಡಿಟ್ಟ ಹಾಡುಗಳಿದ್ದವು. ಒಂದೊಂದಕ್ಕೂ ಅವನೇ ಇಟ್ಟ ಹೆಸರು: ‘ಮಾರ್ಥಾಬಾಯಿ ಅಳೂ ಹಾಡು’, ‘ಜಾನ್ಸನ್ ತಪ್ಪೂ ಹಾಡು’, ‘ಭಾಳ ಉದ್ದ, ಯಾರೂ ಕೇಳಬ್ಯಾಡ್ರಿ’.

"ಕ್ಯಾಥರೀನ್ ಕಾಕು ಹೇಳಿದ್ರು," ಎಂದ ಜಾನ್ಸನ್. "ಸೆಲಿನಾಗ ಮಾತ್ರ ಕೊಡಬ್ಯಾಡಂದ್ರು."

ಸೆಲಿನಾಳ ಹೆಬ್ಬೆರಳು ಗುಂಡಿಯ ಮೇಲೇ ನಿಂತಿತು. ಕ್ಯಾಥರೀನ್ ಅವಳ ತಾಯಿ.

* * *

ಮನೆ ಚರ್ಚಿನಿಂದ ಎರಡು ಓಣಿ ಆಚೆ. ಪಡಸಾಲೆಯಲ್ಲಿ ಐಸಾಕ ಮದುವೆಮನೆಗಳಿಗೆ ಹಾಕುತ್ತಿದ್ದ ಕಪ್ಪು ಕೋಟಿನಲ್ಲಿ ಮಲಗಿದ್ದ. ಸುತ್ತ ಚಾಪೆಯ ಮೇಲೆ ಹೆಂಗಸರು ಕುಳಿತಿದ್ದರು.

"ಎಷ್ಟ ಸುಮ್ಮ ಮಲಗ್ಯಾರ ನೋಡ್ರಿ," ಎಂದು ಮಾರ್ಥಾಬಾಯಿ ಮೂಗು ಒರೆಸಿಕೊಂಡಳು. ಅವಳು ಪಕ್ಕದ ಮನೆಯವಳು, ಎಪ್ಪತ್ತು ದಾಟಿದವಳು. "ನಲವತ್ತ ವರ್ಷದಾಗ ಈ ಮನಿಷ್ಯಾ ಬಾಯಿ ಮುಚ್ಚಿದ್ದ ಇವತ್ತ ಮೊದಲು. ಸ್ವರ್ಗದ ಬಾಗಲದಾಗ ಹೆಸರ ಕೇಳಾಕ ನಿಂತಾವಗ ಪುರಸೊತ್ತ ಕೊಡಬೇಕಲ್ಲ! ಅಲ್ಲೂ ಇವರ ಮಾತಾಡಾಕತ್ತಿರತಾರ."

ಹೆಂಗಸರು ನಕ್ಕರು, ನಗುತ್ತಲೇ ಒಬ್ಬಳು ಬಿಕ್ಕಿದಳು. ಅದು ನಿಜವೇ ಆಗಿತ್ತು. ಐಸಾಕನನ್ನು ಯಾರೂ ಏನೂ ಕೇಳುವಂತಿರಲಿಲ್ಲ. ಅವನೇ ಎಲ್ಲ ಹೇಳಿಬಿಡುತ್ತಿದ್ದ. ಬೆಳಗಾವಿಯ ಶಾಲೆಯಲ್ಲಿ ಪಾಠ ಹೇಳುವ ಸೆಲಿನಾ ಫೋನು ಮಾಡಿದರೆ ಮೊದಲು ಅವನು ಹತ್ತು ನಿಮಿಷ ಮಾತನಾಡಿ, ಅವಳು ಬಾಯಿ ತೆರೆಯುವ ಹೊತ್ತಿಗೆ "ತಗೋ, ನಿಮ್ಮವ್ವಗ ಕೊಡತೇನಿ" ಎನ್ನುತ್ತಿದ್ದ.

ಸೆಲಿನಾ ತಾಯಿಯ ಪಕ್ಕ ಕುಕ್ಕರಿಸಿದಳು. "ಅವ್ವಾ, ಜಾನ್ಸನ್‌ಗ ಯಾಕ ಹಂಗ ಹೇಳಿದಿ?"

"ಮಷೀನ್ ತಾನ ಮಾಡತೈತಂತ. ಮಾಡ್ಲಿ ಬಿಡು."

"ಅಪ್ಪನ ಕಡೀ ಹಾಡು, ಅವ್ವಾ. ಅವನ ಕೈಯಾಗಿದ್ದದ್ದು ನನ್ನ ಕೈಯಾಗ ಇರಬಾರದೇನು? ಅಪ್ಪ ತಡಾ ಮಾಡತಿದ್ದ ಅಂತ ನಿನಗೂ ಬ್ಯಾಸರ ಇತ್ತೇನು?"

ಕ್ಯಾಥರೀನ್ ಗಂಡನ ಕೋಟಿನ ಕಾಲರನ್ನು ನೇರ ಮಾಡಿ, ಎದ್ದು ಒಳಕೋಣೆಗೆ ಹೋದಳು.

ಅಷ್ಟರಲ್ಲಿ ಬಾಗಿಲಲ್ಲಿ ಕಾಸಿಮಸಾಬ ಕಾಣಿಸಿಕೊಂಡ. ಹಳೇ ಹುಬ್ಬಳ್ಳಿಯಲ್ಲಿ ಅವನದು ಮೈಕ್‌ಸೆಟ್ಟಿನ ಅಂಗಡಿ. ಚರ್ಚಿನ ಸ್ಪೀಕರುಗಳನ್ನು ಕೂರಿಸಿದ್ದೂ ಅವನೇ. ಮಲ್ಲಿಗೆಯ ಹಾರವನ್ನು ಗೆಳೆಯನ ಕಾಲ ಬಳಿ ಇಟ್ಟು, ತಲೆಯ ಟೊಪ್ಪಿಗೆಯನ್ನು ಸರಿಪಡಿಸಿಕೊಂಡು, ಬಹಳ ಹೊತ್ತು ನಿಂತ. ಹೊರಗೆ ಬಂದಾಗ ಸೆಲಿನಾ ಅವನಿಗೆ ಚಹಾ ಕೊಟ್ಟಳು.

"ಇವತ್ತ ರಿಮೋಟ್ ನೀ ಹಿಡೀತೀಯೇನು, ಬೇಟಿ?"

"ಇಲ್ಲ ಕಾಕಾ. ಅವ್ವ ಬ್ಯಾಡಂದ್ಲು."

ಕಾಸಿಮಸಾಬ ಬಟ್ಟಲನ್ನು ಕಟ್ಟೆಯ ಮೇಲಿಟ್ಟ. "ಯಾಕ ಅಂತ ಹೇಳಿದಳೇನು?"

"ಹೇಳಲಿಲ್ಲ."

"ಹಂಗಾರ ನಿನಗೂ ಗೊತ್ತಿಲ್ಲ," ಎಂದ ಅವನು. ಓಣಿಯ ಆ ಬದಿ ಈ ಬದಿ ನೋಡಿ, ದನಿ ತಗ್ಗಿಸಿದ. "ನಿಮ್ಮಪ್ಪಗ ಕಿವಿ ಕೇಳತಿದ್ದಿಲ್ಲವ್ವಾ."

* * *

ಎಂಟು ವರ್ಷಗಳ ಹಿಂದೆ, ಒಂದು ಶನಿವಾರ. ಐಸಾಕ ತಾರಿಹಾಳದ ಕಾರ್ಖಾನೆಯಿಂದ ನಿವೃತ್ತನಾಗಿ ತಿಂಗಳಾಗಿತ್ತು. ಮೂವತ್ತೊಂದು ವರ್ಷ ತಗಡು ಒತ್ತುವ ಪ್ರೆಸ್ಸಿನ ಮಗ್ಗುಲಲ್ಲೇ ನಿಂತ ಮನುಷ್ಯ. ಚರ್ಚಿಗೆ ಹೊಸ ಪ್ರೊಜೆಕ್ಟರ್ ಬಂದಿತ್ತು. ರಿಮೋಟ್ ನಾನೇ ಹಿಡಿಯುತ್ತೇನೆಂದು ಐಸಾಕ ಎಲ್ಲರಿಗಿಂತ ಮೊದಲೇ ಕೈ ಎತ್ತಿದ್ದ.

ಕಾಸಿಮಸಾಬ ಸ್ಪೀಕರುಗಳನ್ನು ಪರೀಕ್ಷಿಸುತ್ತಿದ್ದ. ಮೈಕು ಸ್ಪೀಕರಿನ ತೀರ ಹತ್ತಿರ ಬಂತು. ಕಿವಿಯಲ್ಲಿ ಸೂಜಿ ಆಡಿಸಿದಂತಹ ಕೂಗು ಚರ್ಚನ್ನೆಲ್ಲ ತುಂಬಿತು. ಕಸ ಗುಡಿಸುತ್ತಿದ್ದವಳು ಪೊರಕೆ ಬಿಟ್ಟು ಕಿವಿ ಮುಚ್ಚಿಕೊಂಡಳು. ಪಾರಿವಾಳಗಳು ಹಾರಿದವು. ಸ್ಪೀಕರಿನ ಮುಂದೆ ಎರಡು ಮಾರು ದೂರದಲ್ಲಿ ನಿಂತಿದ್ದ ಐಸಾಕ ಮಾತ್ರ ರಿಮೋಟಿನ ಮೇಲಿನ ಅಕ್ಷರಗಳನ್ನು ಓದುತ್ತ ಮುಗುಳ್ನಗುತ್ತಿದ್ದ.

ಕಾಸಿಮಸಾಬ ಅವನ ಎದುರಿಗೆ ಬಂದು ನಿಂತು, ತುಟಿಗಳನ್ನು ಅಗಲಿಸಿ ಕೇಳಿದ. "ಎಷ್ಟ ದಿನಾತು?"

ಐಸಾಕನ ನಗು ಇಳಿಯಿತು. "ಎದರಿಗೆ ನಿಂತ ಮಾತಾಡಿದ್ರ ತಿಳೀತೈತಿ, ಕಾಸಿಮಾ. ಹಾಡ ಮಾತ್ರ ತಿಳ್ಯಂಗಿಲ್ಲ. ಮೂರ ವರ್ಷಾತು."

"ಕಿವಿಗೆ ಮಷೀನ್ ಹಾಕ್ಕೊಳ್ಳೋ."

"ಹಾಕಿ ನೋಡಿದೆ. ತಗಡ ಬಡದಂಗ ಆಗತೈತಿ. ಮತ್ತ ಪ್ರೆಸ್ಸಿನ ಮುಂದ ನಿಂತಂಗ."

"ಮತ್ತ ಹಾಡಿನ ಸಾಲ ಸರಸೂ ಕೆಲಸ ಯಾಕೋ ನಿನಗ? ಯಾರಿಗರ ಗೊತ್ತಾದ್ರ ಅವತ್ತ ಕಸಗೋತಾರ."

"ಗೊತ್ತಾಗಬಾರದು," ಎಂದ ಐಸಾಕ. "ನೋಡು, ಕೇಳಾಕ ಬರಂಗಿಲ್ಲ, ಹಾಡಾಕ ಬರಂಗಿಲ್ಲ. ಸುಮ್ಮ ಬಂದ ಬೆಂಚಿನ ಮ್ಯಾಲ ಕೂತ್ರ ನಾನೂ ಒಂದ ಬೆಂಚ ಆಗತೇನಿ. ಇದೊಂದ ಕೈಯಾಗ ಇದ್ರ, ಹಾಡಿನ್ಯಾಗ ನಾನೂ ಇರತೇನಿ."

"ಯಾವಾಗ ಒತ್ತಬೇಕಂತ ನಿನಗೆಂಗ ತಿಳೀತೈತಿ?"

ಐಸಾಕ ಗದ್ದ ಎತ್ತಿ ಮೂರನೆಯ ಬೆಂಚಿನತ್ತ ತೋರಿಸಿದ. ಅಲ್ಲಿ ಕ್ಯಾಥರೀನ್ ಒಬ್ಬಳೇ ಕುಳಿತಿದ್ದಳು. ತೊಡೆಯ ಮೇಲೆ ಹಾಡಿನ ಪುಸ್ತಕ. ಏನನ್ನೋ ಗುನುಗುತ್ತಿದ್ದವಳು, ಚರಣ ಮುಗಿದೊಡನೆ ತಲೆಯ ಮೇಲಿನ ಸೆರಗನ್ನು ಎರಡು ಬೆರಳಿನಿಂದ ಮುಂದಕ್ಕೆ ಎಳೆದುಕೊಂಡಳು.

ಐಸಾಕನ ಹೆಬ್ಬೆರಳು ಗುಂಡಿ ಒತ್ತಿತು.

* * *

ಒಳಕೋಣೆಯಲ್ಲಿ ಕ್ಯಾಥರೀನ್ ಬಿಳಿ ಸೀರೆಯ ನಿರಿಗೆ ಹಿಡಿಯುತ್ತಿದ್ದಳು. ಸೆಲಿನಾ ಬಾಗಿಲು ಮುಚ್ಚಿಕೊಂಡು ಒಳಬಂದಳು. ಕ್ಯಾಥರೀನಕ್ಕನ ಸೆರಗು ನಿಲ್ಲುವುದೇ ಇಲ್ಲವೆಂದು ಇಡೀ ಸಭೆ ನಗುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ಒಂದು ಕ್ರಿಸ್ಮಸ್ಸಿಗೆ ಮಾರ್ಥಾಬಾಯಿ ಒಂದು ಡಬ್ಬಿ ಪಿನ್ನುಗಳನ್ನೇ ಉಡುಗೊರೆ ಕೊಟ್ಟಿದ್ದಳು. ಸ್ವತಃ ಸೆಲಿನಾ, ಎಲ್ಲರೂ ನೋಡುತ್ತಾರೆ, ಪಿನ್ನು ಹಾಕಿಕೋ ಎಂದು ಗದರಿದ್ದಳು.

"ಕಾಸಿಮ ಕಾಕಾ ಹೇಳಿದ್ರು, ಅವ್ವಾ."

ನಿರಿಗೆ ಕೈಯಿಂದ ಜಾರಿತು. "ಹೇಳೇ ಬಿಟ್ಟನಾ ಆ ಮುದುಕ? ಅವನ ಬಾಯಾಗೂ ಒಂದ ಮಾತ ನಿಲ್ಲಂಗಿಲ್ಲ." ಅವಳು ಮಂಚದ ಅಂಚಿನಲ್ಲಿ ಕುಳಿತಳು. "ನಿನಗ ಹೇಳಬಾರದಂತ ನಿಮ್ಮಪ್ಪ ನನ್ನ ಕೈಯಾಗ ಆಣಿ ಇಡಿಸಿಕೊಂಡಿದ್ರು. ಮಗಳು ಫೋನ್ ಮಾಡೂದ ಕಮ್ಮಿ ಮಾಡತಾಳ, ಏನ ಕೇಳತೈತಿ ಅವಗ ಅಂತಾಳ ಅಂದ್ರು."

ಸೆಲಿನಾ ತಾಯಿಯ ಕಾಲ ಬಳಿ ಕುಳಿತು ಬಿದ್ದ ನಿರಿಗೆಗಳನ್ನು ಒಂದೊಂದಾಗಿ ಎತ್ತಿ ಕೊಟ್ಟಳು.

"ಎಂಟ ವರ್ಷ ನಾ ಒಂದ ಹಾಡೂ ನೆಟ್ಟಗ ಹಾಡಿಲ್ಲ ನೋಡು," ಎಂದಳು ಕ್ಯಾಥರೀನ್. "ಬಾಯಿ ಹಾಡತಿತ್ತು, ಲಕ್ಷ್ಯ ಎಲ್ಲಾ ಚರಣದ ಕಡೀ ಸಾಲಿನ ಮ್ಯಾಲ. ಕಣ್ಣ ಮುಚ್ಚಾಕೂ ಅಂಜಿಕಿ. ಬ್ಯಾಸರ ಅಂತಲ್ಲ ಮತ್ತ. ಅಷ್ಟ ಹೊತ್ತು ಅವರು ನನ್ನ ಮಾರೀನ ನೋಡತಿದ್ರಲ್ಲ! ಮದಿವಿ ಆದ ಹೊಸದಾಗೂ ಹಂಗ ನೋಡಿದ್ದಿಲ್ಲ, ಖರೇ ಹೇಳತೇನಿ." ಅವಳು ಮಗಳು ಕೊಟ್ಟ ನಿರಿಗೆಗಳನ್ನು ಸಮ ಮಾಡಿಕೊಂಡಳು. "ಇವತ್ತೊಂದ ದಿನ ಕಣ್ಣ ಮುಚ್ಚಿ ಅವರಿಗೆ ಒಂದ ಹಾಡ ಪೂರ್ತಿ ಹಾಡಬೇಕಂತ ಐತಿ. ನೀ ಅದನ್ನ ಹಿಡಿದ್ರ, ಎಲ್ಲಿ ತಪ್ಪತೀಯೋ ಅಂತ ನನ್ನ ಜೀವ ನಿನ್ನ ಕಡೇನ ಇರತೈತಿ. ಮಷೀನಿಗೆ ನನ್ನ ಸೆರಗ ಬೇಕಾಗಿಲ್ಲ. ಅದಕ್ಕ ಬ್ಯಾಡಂದೆ."

ಹೊರಗೆ ಗಂಡಸರು ಪೆಟ್ಟಿಗೆ ಎತ್ತಲು ಸಿದ್ಧರಾಗುತ್ತಿದ್ದರು.

* * *

ಚರ್ಚು ತುಂಬಿತ್ತು. ಪೆಟ್ಟಿಗೆ ಪರದೆಯ ಕೆಳಗೆ ತೆರೆದೇ ಇತ್ತು. ಕ್ಯಾಥರೀನ್ ಅದರ ಪಕ್ಕದ ಕುರ್ಚಿಯಲ್ಲಿ, ಅವಳ ಹಿಂದೆ ಸೆಲಿನಾ ಮತ್ತು ಮಾರ್ಥಾಬಾಯಿ. ಪಾಸ್ಟರ್ ವಾಕ್ಯ ಓದಿ ಮುಗಿಸಿದರು. ಜಾನ್ಸನ್ ಶ್ರುತಿ ಹಿಡಿದ. ಹಾಡಿನ ಮೊದಲ ಚರಣ ಪರದೆಯ ಮೇಲೆ ಮೂಡಿತು. ಕ್ಯಾಥರೀನ್ ಕಣ್ಣು ಮುಚ್ಚಿದಳು.

ನಲವತ್ತು ಸೆಕೆಂಡಿಗೆ ಸರಿಯಾಗಿ ಪರದೆ ಎರಡನೆಯ ಚರಣಕ್ಕೆ ಜಿಗಿಯಿತು. ಆದರೆ ಸಭೆ ಜಿಗಿಯಲಿಲ್ಲ. ಎಂಟು ವರ್ಷದ ರೂಢಿಯಂತೆ ಇನ್ನೂರು ಜನರೂ ಕೊನೆಯ ಅಕ್ಷರವನ್ನು ಎಳೆಯುತ್ತ, ಐಸಾಕನಿಗಾಗಿ ಕಾಯುತ್ತ ನಿಂತಿದ್ದರು. ಅವರು ಎರಡನೆಯ ಚರಣ ಎತ್ತಿಕೊಳ್ಳುವಷ್ಟರಲ್ಲಿ ತಡವಾಗಿತ್ತು. ಎರಡು ಸಾಲು ಬಾಕಿ ಇರುವಾಗಲೇ ಮೂರನೆಯದು ಬಂದುಬಿಟ್ಟಿತು. ಎಡಗಡೆಯವರು ಮೂರನೆಯದನ್ನು ಹಿಡಿದರು. ಬಲಗಡೆಯವರು ಎರಡನೆಯದನ್ನೇ ಬಾಯಿಪಾಠದಿಂದ ಎಳೆದರು. ಗಂಡಸರು ಗೊಣಗಿದರು. ಜಾನ್ಸನ್ನನ ಹಣೆಯಲ್ಲಿ ಬೆವರು ಹರಿಯಿತು.

ಕ್ಯಾಥರೀನ್ ಕಣ್ಣು ತೆರೆದಳು. ಅವಳ ನೋಟ ಗಂಡನ ಮುಖ ಬಿಟ್ಟು ಪರದೆಗೆ ಏರಿತು. ಕೈ ತಾನಾಗಿ ತಲೆಗೆ ಹೋಗಿ ಸೆರಗನ್ನು ಮುಂದಕ್ಕೆ ಎಳೆಯಿತು. ಕಂಬದ ಪಕ್ಕದ ಮೇಜಿನಲ್ಲಿ ಅದನ್ನು ನೋಡುವವರು ಯಾರೂ ಇರಲಿಲ್ಲ. ಅವಳು ಮತ್ತೊಮ್ಮೆ ಎಳೆದಳು. ಮತ್ತೂ ಒಮ್ಮೆ.

ಸೆಲಿನಾ ಎದ್ದಳು. ಸಭೆಯೆಲ್ಲ ನೋಡುತ್ತಿದ್ದಂತೆ ಅಪ್ಪನ ಪೆಟ್ಟಿಗೆಯ ಮುಂದಿನಿಂದ ಹಾದು, ಮೇಜಿನ ಬಳಿ ಹೋಗಿ ರಿಮೋಟ್ ಕೈಗೆತ್ತಿಕೊಂಡಳು. "ಟೈಮ್ ತಗೀ," ಎಂದಳು.

ಜಾನ್ಸನ್ ಎಡಗೈಯಿಂದ ಶ್ರುತಿ ಬಿಡದೆ, ಬಲಗೈಯಿಂದ ಲ್ಯಾಪ್‌ಟಾಪಿನ ಗುಂಡಿ ಒತ್ತಿ ಎಣಿಕೆಯನ್ನು ನಿಲ್ಲಿಸಿದ. ಸೆಲಿನಾ ಚಾವಣಿಯ ಪ್ರೊಜೆಕ್ಟರಿನ ಕರಿಯ ಕಣ್ಣಿಗೆ ಕೈ ಎತ್ತಿ, ಪರದೆಯನ್ನು ಎರಡನೆಯ ಚರಣಕ್ಕೆ ಹಿಂದೆ ತಂದಳು. ಚದುರಿದ ದನಿಗಳು ಒಂದೊಂದಾಗಿ ಬಂದು ಸೇರಿಕೊಂಡವು.

ಕ್ಯಾಥರೀನ್ ಮಗಳನ್ನೇ ನೋಡುತ್ತಿದ್ದಳು; ಎರಡು ಬೆರಳು ಇನ್ನೂ ಸೆರಗಿನ ಅಂಚಿನಲ್ಲಿ, ಚರಣ ಮುಗಿಯುವುದನ್ನು ಕಾಯುತ್ತ.

ಸೆಲಿನಾ ತಲೆ ಅಲ್ಲಾಡಿಸಿದಳು. ತೋರುಬೆರಳಿನಿಂದ ತನ್ನ ಕಿವಿಯನ್ನು ಮುಟ್ಟಿ ತೋರಿಸಿದಳು.

ಕ್ಯಾಥರೀನಳ ಕೈ ನಿಧಾನವಾಗಿ ಕೆಳಗಿಳಿದು ಪೆಟ್ಟಿಗೆಯ ಅಂಚಿನ ಮೇಲೆ ಕುಳಿತಿತು. ಅವಳು ಕಣ್ಣು ಮುಚ್ಚಿದಳು.

ಚರಣ ಮುಗಿಯಿತು. ಜನ ಕೊನೆಯ ಅಕ್ಷರ ಎಳೆದರು. ಸೆಲಿನಾ ಅದು ಪೂರ್ತಿ ಆರುವವರೆಗೆ ಕಾದು ಒತ್ತಿದಳು. ಮೂರನೆಯದು. ನಾಲ್ಕನೆಯದು. ಈಗ ತಾಯಿಯ ದನಿ ಬೇರೆಯಾಗಿಯೇ ಕೇಳಿಸುತ್ತಿತ್ತು; ಸ್ವಲ್ಪ ಒಡಕು, ಶ್ರುತಿಗಿಂತ ಅರ್ಧ ಸ್ವರ ಕೆಳಗೆ, ಯಾವ ಅವಸರವೂ ಇಲ್ಲದೆ.

ಹಾಡು ಮುಗಿಯಿತು. ಕೀಬೋರ್ಡ್ ನಿಂತಿತು. ಪೆಟ್ಟಿಗೆ ಹೊರುವ ನಾಲ್ವರು ಮುಂದೆ ಬಂದು ಹಿಡಿಕೆಗಳಿಗೆ ಕೈ ಹಚ್ಚಿದರು. ಕ್ಯಾಥರೀನಳಿಗೆ ಅದಾವುದೂ ತಿಳಿದಂತಿರಲಿಲ್ಲ. ಕಣ್ಣು ತೆರೆಯದೆಯೇ ಅವಳು ನಾಲ್ಕನೆಯ ಚರಣವನ್ನು ಮೊದಲಿನಿಂದ ಎತ್ತಿಕೊಂಡಳು.

ಜಾನ್ಸನ್ ಗಾಬರಿಯಿಂದ ಸೆಲಿನಾಳತ್ತ ನೋಡಿದ. ಅವಳು ರಿಮೋಟನ್ನು ಮೇಜಿನ ಮೇಲೆ ಇಟ್ಟಳು. ಪರದೆಯ ಮೇಲೆ ನಾಲ್ಕನೆಯ ಚರಣ ಹಾಗೆಯೇ ಉಳಿಯಿತು.

ಮೊದಲು ಮಾರ್ಥಾಬಾಯಿ ದನಿಗೂಡಿಸಿದಳು. ಆಮೇಲೆ ಬಲಗಡೆಯವರು, ಆಮೇಲೆ ಇಡೀ ಸಭೆ. ಹೊರುವ ನಾಲ್ವರೂ ಬಗ್ಗಿದಲ್ಲಿಯೇ ಬಗ್ಗಿ ಹಾಡತೊಡಗಿದರು. ಕ್ಯಾಥರೀನಳ ಸೆರಗು ತಲೆಯಿಂದ ಮೆಲ್ಲಗೆ ಜಾರಿ ಹೆಗಲಿನ ಮೇಲೆ ಬಿತ್ತು. ನರೆತ ಕೂದಲು ಪ್ರೊಜೆಕ್ಟರಿನ ಬೆಳಕಿನಲ್ಲಿ ಹೊಳೆಯಿತು. ಮಾರ್ಥಾಬಾಯಿ ಅದನ್ನು ಎತ್ತಿ ಹಾಕಲು ಕೈ ಚಾಚಿ, ಯಾಕೋ ಹಿಂದೆಗೆದುಕೊಂಡಳು.