ಐದನೆಯ ತಿಂಗಳ ವ್ರತ

ಉತ್ಥಾನ ದ್ವಾದಶಿ ಕಳೆದ ಮರುದಿನ, ಸೋಮವಾರ ಬೆಳಿಗ್ಗೆ, ಮಣಿಪಾಲದ ಗುಡ್ಡದ ಮೇಲೆ ಮಂಜು ಕೂತಿತ್ತು. ಮಳೆ ಹೊರಟುಹೋಗಿ ಹದಿನೈದು ದಿನವಾಗಿದ್ದರೂ ನೆಲದ ಹಸಿ ಆರಿರಲಿಲ್ಲ. ಬೆಳಗಾಯಿತೋ ಇಲ್ಲವೋ ಎಂದು ತಿಳಿಯದೆ ಕಾಗೆಗಳು ಕೂಡ ತಡಮಾಡಿ ಕೂಗಿದವು. ಅಂಥ ತಣ್ಣನೆಯ ಹೊತ್ತಿನಲ್ಲಿ, ಮೂರನೆಯ ಮಹಡಿಯ ಒಂದು ಅಡಿಗೆಮನೆಯಲ್ಲಿ, ಹಯಗ್ರೀವ ಭಟ್ಟರು ಬೆವರುತ್ತಿದ್ದರು.

ಎದುರಿಗಿದ್ದದ್ದು ಒಂದು ಡಬ್ಬಿ. ಅಂಗೈಯಗಲ, ಗುಲಾಬಿ ಬಣ್ಣ, ಮುಚ್ಚಳದ ಮೇಲೊಂದು ಮೊಲ.

ಉದ್ಯಾವರದ ಹಯಗ್ರೀವ ಭಟ್ಟರೆಂದರೆ ನಲವತ್ತು ವರ್ಷ ಮದುವೆ, ಮುಂಜಿ, ಬ್ರಹ್ಮಕಲಶಗಳಿಗೆ ಅಡಿಗೆ ಮಾಡಿದ ಕೈ. ಸಾವಿರ ಜನಕ್ಕೆ ಸಾರಿಗೆ ಬೇಳೆ ಎಷ್ಟೆಂದು ನಿದ್ದೆಯಲ್ಲಿ ಕೇಳಿದರೂ ಹೇಳುವವರು. ಐದು ವರ್ಷದ ಮೊಮ್ಮಗಳು ಮೇಧಾಳ ಶಾಲೆಯ ಬುತ್ತಿಗೆ ಎಷ್ಟೆಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಮಗಳು ಭಾವನಾ ಆಸ್ಪತ್ರೆಯ ಲ್ಯಾಬಿನಲ್ಲಿ ಮೂರು ವರ್ಷ ರಾತ್ರಿಪಾಳಿ ಮಾಡಿ, ಈಗಷ್ಟೇ ಬೆಳಗಿನ ಪಾಳಿ ಪಡೆದಿದ್ದಳು. ಆರು ಗಂಟೆಗೇ ಹೊರಡಬೇಕು. ಅಳಿಯ ಅನಂತೇಶ ಕಾಪುವಿನ ಬ್ಯಾಂಕಿಗೆ ಹೋಗುವವ. ಅಡಿಗೆಮನೆಯಲ್ಲಿ ಅವನಿಗೆ ಗುರುತಿದ್ದದ್ದು ನೀರಿನ ಫಿಲ್ಟರ್ ಒಂದೇ. ಭಟ್ಟರ ಹೆಂಡತಿ ಪ್ರಭಾವತಿ ಹಿರಿಮಗಳ ಬಾಣಂತನಕ್ಕೆ ಕಾರ್ಕಳದಲ್ಲಿದ್ದರು. ಹಾಗಾಗಿ "ಡಬ್ಬಿ ನನಗೆ ಬಿಡು" ಎಂದು ಭಟ್ಟರೇ ಮಾತು ಕೊಟ್ಟು ಮಣಿಪಾಲಕ್ಕೆ ಬಂದಿದ್ದರು.

"ಒಂದು ತಿಂಗಳು ನೋಡ್ತೇನೆ ಅಪ್ಪ," ಭಾವನಾ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದಳು. "ಮಗು ಹಸಿದುಕೊಂಡು ಬಂದರೆ ನಾನು ಪುನಃ ರಾತ್ರಿಪಾಳಿಗೇ ಹೋಗುವುದು. ಡಬ್ಬಿ ಖಾಲಿಯಾಗಬೇಕು, ಅಷ್ಟೇ."

"ಖಾಲಿಯಾಗದೆ ಎಂತ? ನನ್ನ ಅಡಿಗೆ ಎಲೆಯಲ್ಲಿ ಉಳಿದದ್ದುಂಟಾ?"

"ಮತ್ತೊಂದು ಉಂಟು," ಎಂದು ಅವಳು ಫ್ರಿಡ್ಜಿಗೆ ಅಂಟಿಸಿದ್ದ ಶಾಲೆಯ ಚೀಟಿ ತೋರಿಸಿದಳು. ತರಗತಿಯಲ್ಲಿ ಒಂದು ಮಗುವಿಗೆ ನೆಲಗಡಲೆ, ಗೇರುಬೀಜ, ಬಾದಾಮಿ ಯಾವುದೂ ಆಗುವುದಿಲ್ಲ. ಚೂರು ಹೊಟ್ಟೆಗೆ ಹೋದರೂ ಉಸಿರು ಕಟ್ಟುತ್ತದೆ. ಆದ್ದರಿಂದ ಯಾವ ಡಬ್ಬಿಯಲ್ಲಿಯೂ ಅವು ಇರಬಾರದು.

ಭಟ್ಟರು ಚೀಟಿಯನ್ನು ಎರಡು ಸಲ ಓದಿದರು. "ಹಾಕದಿದ್ದರೆ ಸಾಕಾ? ಅದನ್ನು ಮುಟ್ಟಿದ ಸೌಟು?"

"ಸೌಟೂ ಆಗುವುದಿಲ್ಲ."

"ಅದನ್ನು ಕರಿದ ಎಣ್ಣೆ?"

"ಅದೂ ಆಗುವುದಿಲ್ಲ ಅಪ್ಪ."

ಭಟ್ಟರ ಮುಖ ಅರಳಿತು. "ಹಾಗೆ ಹೇಳು ಮತ್ತೆ. ಇದು ವ್ರತ."

ಅವರಿಗೆ ಇದು ಹೊಸತೇನಲ್ಲ. ಚಾತುರ್ಮಾಸ್ಯದ ನಾಲ್ಕು ತಿಂಗಳು ಅವರು ಅನುಸರಿಸಿಕೊಂಡು ಬಂದದ್ದೇ ಅದು. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದು ಮೊಸರಿಲ್ಲ, ಮೂರನೆಯದು ಹಾಲಿಲ್ಲ, ನಾಲ್ಕನೆಯದು ಬೇಳೆಕಾಳಿಲ್ಲ. ನಿನ್ನೆಯಷ್ಟೇ ವ್ರತ ಮುಗಿದಿತ್ತು. ದೇವರು ಐದನೆಯ ತಿಂಗಳಿಗೂ ಒಂದನ್ನು ಕಳುಹಿಸಿದ್ದಾನೆ, ಆಗಲಿ. ಅವರು ದೇವರ ಮುಂದೆ ಕೂತು, ಮೇಧಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಉದ್ಧರಣೆಯಿಂದ ನೀರು ಬಿಟ್ಟು ಸಂಕಲ್ಪ ಮಾಡಿದರು. ಒಂದು ಬಾಣಲೆ, ಒಂದು ಸೌಟು ಬೇರೆಯೇ ತೆಗೆದು ಮಡಿಬಟ್ಟೆಯಲ್ಲಿ ಕಟ್ಟಿ ಮೇಲಿನ ಹಲಗೆಗೆ ಏರಿಸಿದರು. ಪಾಯಸಕ್ಕೆಂದು ಇಟ್ಟಿದ್ದ ಗೇರುಬೀಜದ ಭರಣಿ ಫ್ರಿಡ್ಜಿನ ತಲೆಯ ಮೇಲೆ ಹೋಯಿತು. ಕಡಲೆ ಚಿಕ್ಕಿ ಜಗಿಯುತ್ತ ಬಂದ ಅಳಿಯನನ್ನು ಅಡಿಗೆಮನೆಯ ಹೊಸ್ತಿಲಲ್ಲೇ ತಡೆದು, ಮೊಣಕೈಯವರೆಗೆ ಕೈ ತೊಳೆಸಿದರು.

ಶಾಲೆಯ ಗೇಟಿನಲ್ಲಿ ಕ್ಯಾರೆನ್ ಟೀಚರನ್ನು ನಿಲ್ಲಿಸಿ ಉಳಿದ ಸಂಶಯ ಕೇಳಿದರು. "ತೆಂಗಿನಕಾಯಿ?"

"ತೆಂಗಿನಕಾಯಿ ಅವನಿಗೆ ಅಡ್ಡಿಯಿಲ್ಲ ಅಂತ ಡಾಕ್ಟ್ರೇ ಹೇಳಿದ್ದಾರೆ ಭಟ್ರೇ."

"ಬದುಕಿದೆ. ಅಡಿಕೆ?"

"ಯುಕೆಜಿ ಮಗುವಿಗೆ ಅಡಿಕೆ ಯಾರು ಕೊಡ್ತಾರೆ ಮಾರಾಯ್ರೆ?"

"ಕೇಳಿಟ್ಟುಕೊಂಡೆ. ವ್ರತದಲ್ಲಿ ಸಂಶಯ ಇರಬಾರದು."

ವ್ರತವೇನೋ ಸಾಂಗವಾಗಿ ನಡೆಯಿತು. ಡಬ್ಬಿ ಖಾಲಿಯಾಗಲಿಲ್ಲ. ಸೋಮವಾರ ಹೋದ ನಾಲ್ಕು ಇಡ್ಲಿ ನಾಲ್ಕೂ ಮರಳಿ ಬಂದವು.

"ಎಂತ ಆಯ್ತು ಪುಟ್ಟಿ?"

"ಇಡ್ಲಿ ಬೆವರಿದೆ ಅಜ್ಜ."

ಮಂಗಳವಾರದ ಉಪ್ಪಿಟ್ಟು ಅಂಟುತ್ತಿತ್ತು. ಬುಧವಾರದ ದೋಸೆ ಮಡಚಿ ಮಲಗಿತ್ತಂತೆ, ಮಲಗಿದವರನ್ನು ತಿನ್ನಬಾರದಂತೆ. ಗುರುವಾರ ಭಟ್ಟರು ಮಟ್ಟಿನ ಗುಳ್ಳವನ್ನೇ ತರಿಸಿ, ತೆಳ್ಳಗೆ ಕೊಯ್ದು, ಹಿಟ್ಟಿನಲ್ಲಿ ಅದ್ದಿ ಪೋಡಿ ಕರಿದು ಕಳುಹಿಸಿದರು. ಒಂದು ಪೋಡಿಗೆ ಹಲ್ಲಿನ ಗುರುತಿತ್ತು.

"ಒಳಗೆ ಬದನೆ ಅಡಗಿ ಕೂತಿತ್ತು," ಎಂದಳು ಮೇಧಾ, ಮೋಸಹೋದವಳ ಧ್ವನಿಯಲ್ಲಿ.

ಸಂಜೆ ಕಾರ್ಕಳದಿಂದ ಫೋನು ಬಂತು. "ಎರಡು ಸಾವಿರ ಜನಕ್ಕೆ ಬಡಿಸಿದವರು ನೀವು," ಎಂದರು ಪ್ರಭಾವತಿ. "ಒಂದು ಎಲೆ ಖಾಲಿ ಮಾಡಿಸಲಿಕ್ಕೆ ಆಗಲಿಲ್ಲವಾ?"

"ಎರಡು ಸಾವಿರ ಜನ ಹಸಿದು ಬಂದಿರ್ತಾರೆ. ಇವಳು ಹಸಿವನ್ನು ಚೀಲದಲ್ಲಿಟ್ಟುಕೊಂಡು ಓಡಾಡ್ತಾಳೆ."

ಮೇಧಾ ಶಾಲೆಯಿಂದ ಬಂದವಳೇ ಅನ್ನಕ್ಕೆ ಮುಗಿಬೀಳುವುದನ್ನು ನೋಡಿದ ಭಾವನಾ, ಫೋನಿನಲ್ಲಿ ಪಾಳಿಯ ಪಟ್ಟಿ ತೆರೆದು ನೋಡಿ, ಮತ್ತೆ ಮುಚ್ಚಿದಳು. ಭಟ್ಟರಿಗೆ ಆ ಮುಚ್ಚಿದ ಸದ್ದಿಲ್ಲದ ಸದ್ದು ಕೇಳಿಸಿತು.

ಎರಡನೆಯ ವಾರ ಪವಾಡ ನಡೆಯಿತು. ಸೋಮವಾರದ ಶ್ಯಾವಿಗೆಯ ಡಬ್ಬಿ ಖಾಲಿ. ಮಂಗಳವಾರದ ಗೋಳಿಬಜೆ ಖಾಲಿ. ಬುಧವಾರದ ಚಿತ್ರಾನ್ನ, ಗುರುವಾರದ ಬನ್ಸ್ ಎಲ್ಲ ಖಾಲಿ. ಮೇಧಾ ಮನೆಗೆ ಬಂದರೆ ಹಸಿವೆನ್ನುವುದೇ ಇಲ್ಲ, ಕೆನ್ನೆಯಲ್ಲೂ ಒಂದು ಹೊಳಪು. ಭಟ್ಟರು ಎದೆಯುಬ್ಬಿಸಿ ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದರು. ಭಾವನಾ ಅವರಿಗೆ ಹೆಗಲಿಗೆ ಹಾಕಿಕೊಳ್ಳಲು ಒಂದು ಹೊಸ ಬೈರಾಸು ತಂದುಕೊಟ್ಟಳು. ಕಾರ್ಕಳಕ್ಕೆ ಅವರೇ ಫೋನು ಮಾಡಿದರು.

ಶುಕ್ರವಾರದ ಡಬ್ಬಿಯನ್ನು ತೊಳೆಯಲು ತೆಗೆದಾಗ ಅವರ ಕೈ ನಿಂತಿತು.

ಅಡಿಗೆಯವರಿಗೊಂದು ವಿದ್ಯೆಯುಂಟು, ಅದು ಪುಸ್ತಕದಲ್ಲಿಲ್ಲ. ಪಂಕ್ತಿ ಎದ್ದ ಮೇಲೆ ಎಲೆಗಳನ್ನು ನೋಡುತ್ತ ಒಂದು ಸುತ್ತು ಬರುವುದು. ಪಲ್ಯ ಯಾರಿಗೆ ಹಿಡಿಸಿತು, ಸಾರಿಗೆ ಹುಳಿ ಹೆಚ್ಚಾಯಿತೇ, ಗಂಡಿನ ಕಡೆಯವರು ಸಿಟ್ಟಿನಲ್ಲಿ ಉಂಡರೇ, ಎಲ್ಲ ಎಂಜಲೆಲೆ ಹೇಳುತ್ತದೆ. ಹೋಗುವಾಗ ಕೈಮುಗಿದು "ಭಾರಿ ಲಾಯ್ಕಾಗಿತ್ತು" ಎನ್ನುವ ಬಾಯಿ ಸುಳ್ಳು ಹೇಳೀತು, ಎಲೆ ಹೇಳುವುದಿಲ್ಲ.

ಅಂದು ಕಳುಹಿಸಿದ್ದು ಒಗ್ಗರಣೆ ಅವಲಕ್ಕಿ. ಮೇಧಾ ಕರಿಬೇವಿನ ಎಲೆ ತಿನ್ನುವವಳಲ್ಲ. ಒಂದೊಂದನ್ನೂ ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಅಂಟಿಸುವವಳು. ಈ ಡಬ್ಬಿಯಲ್ಲಿ ಕರಿಬೇವಿಲ್ಲ, ಸಾಸಿವೆಯಿಲ್ಲ, ಮೂಲೆಯಲ್ಲಿ ಒಂದು ಅವಲಕ್ಕಿಯೂ ಇಲ್ಲ. ಯಾರೋ ಬೆರಳಿನಿಂದ ಒರೆಸಿ ನೆಕ್ಕಿದ ಗೆರೆಗಳಿದ್ದವು.

"ಇದು ನಮ್ಮ ಮಗುವಿನ ಎಲೆಯಲ್ಲ," ಎಂದರು ಭಟ್ಟರು ತಮ್ಮಷ್ಟಕ್ಕೆ. ಆಮೇಲೆ ಕರೆದರು. "ಪುಟ್ಟಿ, ಇಲ್ಲಿ ಬಾ. ಅವಲಕ್ಕಿ ಯಾರು ತಿಂದದ್ದು?"

ಮೇಧಾ ಬಾಗಿಲಿಗೆ ಒರಗಿ ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟಳು. "ಸೋಮು."

"ಯಾವ ಸೋಮು?"

"ಟೀಚರ್ ಹತ್ತಿರದ ಬೆಂಚಿನಲ್ಲಿ ಒಬ್ಬನೇ ಕೂತ್ಕೊಳ್ಳುವವ. ಅವನಿಗೆ ನಟ್ಸ್ ಆಗುವುದಿಲ್ಲ."

ಭಟ್ಟರು ಅಲ್ಲಿಯೇ ಇದ್ದ ಅಕ್ಕಿಡಬ್ಬಿಯ ಮೇಲೆ ಕೂತರು.

"ಅವನ ಡಬ್ಬಿಯದ್ದು ನಾನು ತಿಂದೆ," ಮೇಧಾ ವಿವರಿಸಿದಳು. "ಚಪಾತಿ ಚೂರು ಮಾಡಿ, ಬೆಲ್ಲ ತುಪ್ಪ ಹಾಕಿ ಕಟ್ಟಿದ ಉಂಡೆ. ದಿನಾ ಎರಡು. ಅವನಿಗೆ ಅದು ಬೇಜಾರಂತೆ. ಯಾರದ್ದೂ ತಿನ್ನಬಾರದು ಅಂತ ಅವನ ಅಮ್ಮ ಹೇಳಿದ್ದಾರೆ. ನಮ್ಮಜ್ಜ ವ್ರತ ಹಿಡಿದಿದ್ದಾರೆ, ದೇವರ ಮುಂದೆ ನೀರು ಬಿಟ್ಟಿದ್ದಾರೆ ಅಂತ ನಾನು ಹೇಳಿದೆ. ಮತ್ತೆ ತಿಂದ."

ಐದು ದಿನದ ಅಡಿಗೆ ಭಟ್ಟರ ಕಣ್ಣ ಮುಂದೆ ಸಾಲಾಗಿ ಬಂತು. ಬುಧವಾರ ಚಿತ್ರಾನ್ನದ ಒಗ್ಗರಣೆ ಹೊತ್ತಿನಲ್ಲಿ, ಮಗು ತಿನ್ನಲಿ ಎಂಬ ಆಸೆಗೆ, ಅವರ ಕೈ ಫ್ರಿಡ್ಜಿನ ಮೇಲಿನ ಗೇರುಬೀಜದ ಭರಣಿಯವರೆಗೆ ಹೋಗಿತ್ತು. ನಲವತ್ತು ವರ್ಷದ ಅಭ್ಯಾಸ ಎತ್ತಿದ ಕೈ ಅದು. ಮುಚ್ಚಳ ಮುಟ್ಟುವ ಮೊದಲೇ ಸಂಕಲ್ಪ ನೆನಪಾಗಿ ಹಿಂದೆ ಬಂದಿತ್ತು. ಆ ಕೈಯನ್ನು ಈಗ ಅವರು ಮಡಿಲಲ್ಲಿಟ್ಟುಕೊಂಡು ನೋಡಿದರು. ಹಿಂದೆ ಎಳೆದದ್ದು ತಾವೆಂದು ಹೇಳುವ ಧೈರ್ಯ ಅವರಿಗೆ ಬರಲಿಲ್ಲ. ಕೃಷ್ಣ, ಕೃಷ್ಣ ಎಂದರು.

ಕೂಡಲೇ ಕ್ಯಾರೆನ್ ಟೀಚರಿಗೆ ಫೋನು ಮಾಡಿದರು. ಟೀಚರು ಎಲ್ಲ ಕೇಳಿ ಹೇಳಿದರು: "ಸೋಮು ಗಟ್ಟಿಯಾಗಿದ್ದಾನೆ ಭಟ್ರೇ. ಇವತ್ತು ಅವನನ್ನು ಜಾರುಬಂಡಿಯಿಂದ ಇಳಿಸಲಿಕ್ಕೆ ಮೂರು ಜನ ಬೇಕಾಯ್ತು. ಆದರೆ ಇದು ನನ್ನ ಕಣ್ಣೆದುರು ಆಗಬಾರದಿತ್ತು. ಅವನ ಅಮ್ಮನಿಗೆ ಈಗಲೇ ಹೇಳ್ತೇನೆ. ಸೋಮವಾರ ನೀವೂ ಬನ್ನಿ."

ಅಂದು ಸಂಜೆ ಭಾವನಾಳ ಮುಂದೆ ಎಲ್ಲವನ್ನೂ ಹೇಳಿದರು. ಅವಳು ಕೇಳಿ ಮುಗಿಸಿ ಹೇಳಿದಳು: "ಅಂದರೆ ಐದು ದಿನ ನೀವು ಲಿಫ್ಟಿನಲ್ಲಿ ಎದೆಯುಬ್ಬಿಸಿದ್ದು ಬೇರೆಯವರ ಉಂಡೆಯ ಬಲದಲ್ಲಿ."

"ಹೌದು ಮಗಾ."

"ಮಗು ಹಸಿದಿರಲಿಲ್ಲ ಅಲ್ವಾ?"

"ಇರಲಿಲ್ಲ."

"ತಿಂಗಳು ಇನ್ನೂ ಮುಗಿಯಲಿಲ್ಲ. ನೋಡುವ," ಎಂದಳು. ಬೈರಾಸು ವಾಪಸು ಕೇಳಲಿಲ್ಲ.

ಸೋಮವಾರ ಗೇಟಿನ ಬಳಿ ಸೋಮುವಿನ ತಾಯಿ ನಾಗವೇಣಿ ನಿಂತಿದ್ದಳು. ಬಾಗಲಕೋಟೆ ಕಡೆಯವಳು, ಗಂಡ ಮಲಕಪ್ಪ ಕಟ್ಟಡ ಕೆಲಸದ ಮೇಸ್ತ್ರಿ. ಮೂರು ರಾತ್ರಿ ನಿದ್ದೆಯಿಲ್ಲದ ಕಣ್ಣು.

"ಏನೇನ್ ಹಾಕಿದ್ರಿ ಅಜ್ಜಾರ?" ಎಂದಳು, ನಮಸ್ಕಾರಕ್ಕೂ ಮೊದಲು. "ಒಂದೊಂದ ಹೇಳ್ರಿ."

ಭಟ್ಟರು ಕೈಕಟ್ಟಿ ನಿಂತು, ಸೋಮವಾರದಿಂದ ಶುಕ್ರವಾರದವರೆಗೆ, ಎಣ್ಣೆ, ಬೇಳೆ, ಸೌಟು, ಬಾಣಲೆ ಎಲ್ಲವನ್ನೂ ಮಂತ್ರ ಒಪ್ಪಿಸಿದಂತೆ ಒಪ್ಪಿಸಿದರು. ಭರಣಿಯವರೆಗೆ ಹೋದ ಕೈಯನ್ನೂ ಬಿಡಲಿಲ್ಲ. ಅದನ್ನು ಕೇಳಿ ನಾಗವೇಣಿ ಅವರ ಮುಖವನ್ನೇ ನೋಡಿದಳು.

"ಅದನ್ನ ಹೇಳದಿದ್ರೂ ನಡೀತಿತ್ತಲ್ರಿ," ಎಂದಳು.

"ವ್ರತದ ಲೆಕ್ಕದಲ್ಲಿ ಬರ್ತದೆ ಅಮ್ಮ."

ಅವಳ ಹೆಗಲು ಸ್ವಲ್ಪ ಇಳಿಯಿತು. "ನಮ್ಮೂರಾಗ ಶೇಂಗಾ ಹಿಂಡಿ ಇಲ್ದ ರೊಟ್ಟಿ ಮುರಿಯಂಗಿಲ್ರಿ. ಅಂಥಾ ಊರಿನ ಹುಡುಗಗ ಶೇಂಗಾನ ವೈರಿ ಆಗೇತಿ. ಇವರಪ್ಪ ಹಿಂಡಿ ತಿನ್ನಾಕ ಸೈಟಿಗೆ ಹೋಗಿ, ಬಾಯಿ ಮುಕ್ಕಳಿಸಿ, ಅಂಗಿ ಬದಲಿ ಮಾಡಿ ಮನಿಗೆ ಬರ್ತಾನ, ಕಳ್ಳರ ಗತೆ. ನಾ ಅಂಜಿ ಅಂಜಿ ದಿನಾ ಉಂಡಿನ ಕಟ್ತೀನ್ರಿ. ಅವಗೂ ಸಾಕಾಗೇತಿ, ನನಗೂ ಸಾಕಾಗೇತಿ."

"ನಮ್ಮವಳಿಗೆ ಅದೇ ಅಮೃತವಾಗಿದೆ. ನಾನು ಇಷ್ಟು ಮಾಡಿದರೂ ಮುಟ್ಟುವುದಿಲ್ಲ."

"ಎಷ್ಟ ಹಾಕ್ತೀರಿ?"

"ಡಬ್ಬಿ ತುಂಬ."

ನಾಗವೇಣಿ ಮೊದಲ ಸಲ ನಕ್ಕಳು. "ಅಲ್ಲೇ ತಪ್ಪಿದ್ರಿ. ತುಂಬಿದ ಡಬ್ಬಿ ನೋಡಿದ್ರ ಕೂಸಿಗೆ ಕಣ್ಣಾಗ ಹೊಟ್ಟಿ ತುಂಬತೈತಿ. ಅರ್ಧಾ ಹಾಕ್ರಿ. ಒಂದ ಕೈಲೆ ಹಿಡಿಯೂವಂಗ ಮಾಡ್ರಿ, ಇನ್ನೊಂದ ಕೈ ಆಟಕ್ಕ ಬೇಕಲ್ರಿ."

ಎರಡು ಸಾವಿರ ಜನಕ್ಕೆ ಬಡಿಸಿದವರು ಮೊಮ್ಮಗಳ ಬಣ್ಣದ ಪೆನ್ಸಿಲಿನಿಂದ ಅದನ್ನು ಅಂಗೈಯಲ್ಲಿ ಬರೆದುಕೊಂಡರು. ಬದಲಿಗೆ ಅವರು ಬೀಜವಿಲ್ಲದ ಒಗ್ಗರಣೆ ಹೇಳಿಕೊಟ್ಟರು: ಉದ್ದಿನಬೇಳೆ ಕೆಂಪಾಗುವವರೆಗೆ, ಕರಿಬೇವು ಧಾರಾಳ, ಕಾಯಿತುರಿ ಒಲೆ ಆರಿಸಿದ ಮೇಲೆ. "ಇನ್ನು ಅದಲುಬದಲು ಮಾತ್ರ ಇಲ್ಲ," ಎಂದು ಕ್ಯಾರೆನ್ ಟೀಚರ್ ಇಬ್ಬರು ಮಕ್ಕಳ ಕಿವಿಯನ್ನೂ ಮೆಲ್ಲನೆ ಹಿಡಿದರು. "ಬೇರೆಯವರ ಡಬ್ಬಿಯದ್ದು ತಿನ್ನಬೇಕಾದರೆ ಅಮ್ಮ ಇರಬೇಕು, ಅಮ್ಮ ಹೂಂ ಹೇಳಬೇಕು."

ಮಂಗಳವಾರ ಎರಡು ಪುಟ್ಟ ಉಂಡೆ, ಬೆರಳುದ್ದದ ದೋಸೆಸುರುಳಿ ಮೂರು ಹೋದವು. ಸಂಜೆ ಡಬ್ಬಿಯಲ್ಲಿ ಅರ್ಧ ಸುರುಳಿ ಉಳಿದಿತ್ತು. ಅದರೊಳಗಿನ ಕರಿಬೇವು ಅಂಚಿಗೆ ಅಂಟಿತ್ತು. ಭಟ್ಟರು ಅದನ್ನು ತೊಳೆಯದೆ ಭಾವನಾಳಿಗೆ ತೋರಿಸಿದರು. "ಇದು ಸತ್ಯದ ಡಬ್ಬಿ. ಪೂರಾ ಖಾಲಿಯಲ್ಲ."

ಭಾವನಾ ಬಗ್ಗಿ ನೋಡಿದಳು. ಉಳಿದ ಅರ್ಧ ಸುರುಳಿಯನ್ನು ತಾನೇ ಬಾಯಿಗೆ ಹಾಕಿಕೊಂಡು, ಒಳಗೆ ಹೋಗಿ, ಬೆಳಗಿನ ಪಾಳಿಯ ಸಮವಸ್ತ್ರಕ್ಕೆ ಇಸ್ತ್ರಿ ಹಾಕಲು ನಿಂತಳು.

ಬುಧವಾರ ನಸುಕಿನಲ್ಲಿ ಭಟ್ಟರು ಸ್ನಾನ ಮಾಡಿ, ಮೇಲಿನ ಹಲಗೆಯ ಬಾಣಲೆ ಇಳಿಸಿ, ಚಪಾತಿ ಸುಟ್ಟು, ಚೂರು ಮಾಡಿ, ಬೆಲ್ಲ ತುಪ್ಪ ಸೇರಿಸಿ ಉಂಡೆ ಕಟ್ಟಿದರು. ಮೇಧಾ ತಿಂದದ್ದು ಐದು ದಿನ, ದಿನಕ್ಕೆ ಎರಡು; ಲೆಕ್ಕಕ್ಕೆ ಹತ್ತು.

ಶಾಲೆ ಬಿಡುವ ಹೊತ್ತಿಗೆ ನಾಗವೇಣಿ ಗೇಟಿನ ಬಳಿ ಸೋಮುವಿನ ಚೀಲ ಹೆಗಲಿಗೆ ಏರಿಸುತ್ತಿದ್ದಳು. ಭಟ್ಟರು ಹತ್ತಿರ ಹೋಗಿ, ಬಾಳೆಲೆಯಲ್ಲಿ ಕಟ್ಟಿದ ಪೊಟ್ಟಣವನ್ನು ಅವಳ ಕೈಗಿಟ್ಟರು. ಅವಳು ದಾರ ಬಿಚ್ಚಿ ನೋಡಿದಳು. ಏನೇನು ಹಾಕಿದ್ದೀರಿ ಎಂದು ಕೇಳಲಿಲ್ಲ. ಒಂದನ್ನು ತೆಗೆದು ಮಗನ ಕೈಗೆ ಕೊಟ್ಟಳು.